ಒಂದು ಹೆಬ್ಬೆರಳಿನ ಕೈವಾಡ

ಭಾನುವಾರ, ಸಂಜೆ

ಅಕ್ಕಾ,

ಅದಕ್ಕೇ ಅವತ್ತು ಬಡಕೊಂಡಿದ್ದು, ಎಲೆ ಹಿಡಿಯುವಾಗ ಬೆರಳು ಹಿಂದೆ ಇಡೇ ಅಂತ! ನೀನು ಕೇಳಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ನಿನ್ನ ಹೊಸ ನಂಬರ್ ನನ್ನ ಹತ್ತಿರ ಇಲ್ಲ, ಹಳೆಯದಕ್ಕೆ ಕಳಿಸಿದ್ದಕ್ಕೆಲ್ಲ ಒಂದೇ ಟಿಕ್. ಭಾವನ ಆಫೀಸಿಗೆ ಫೋನ್ ಮಾಡಿದರೆ ನಂಬರ್ ಕೊಡಲಿಲ್ಲ, ವಿಳಾಸ ಮಾತ್ರ ಗಿಟ್ಟಿಸಿದೆ. ಕಾಗದದಲ್ಲಿ ನಗುವುದು ಹೇಗೋ ಗೊತ್ತಾಗುತ್ತಿಲ್ಲ. ನೀನು ನಕ್ಕ ಜಾಗದಲ್ಲೆಲ್ಲ ನಾನೂ ನಕ್ಕಿದ್ದೇನೆ ಅಂದುಕೋ.

ವಿಷಯ ಏನೆಂದರೆ, ನಮ್ಮ 'ಎಲೆಮರೆ' ಗ್ರೂಪಿನ ಫೋಟೋ ಪ್ರದರ್ಶನ ಇವತ್ತು ಮುಗಿಯಿತು. ಬರೀ ಗಿಡ, ಬಳ್ಳಿ, ಅಣಬೆ. ಗ್ರೂಪ್ ನಡೆಸುವವರು ಪಾಚಿ ಮೇಡಂ. ಒದ್ದೆ ನೆಲದ ಮೇಲೆ ಬೋರಲು ಮಲಗಿ ಪಾಚಿಯ ಫೋಟೋ ತೆಗೆಯುತ್ತಾರಲ್ಲ, ಅವರೇ. ಅವರ ಪಾಚಿಯೇ ನನ್ನ ಮೊಬೈಲಿನ ವಾಲ್‌ಪೇಪರ್. ಅವರು 'ಹ್ಞೂಂ' ಅಂತ ಮೆಸೇಜ್ ಹಾಕಿದರೂ ನಾನು ಹಾರ್ಟ್ ಒತ್ತುತ್ತೇನೆ. ಅಂಥವರು ನನ್ನ ಫೋಟೋ ಆರಿಸಿದಾಗ ಮಂಚದ ಮೇಲೆ ಕುಣಿದುಬಿಟ್ಟೆ.

ಯಾವ ಫೋಟೋ ಗೊತ್ತಾ? ಕಳೆದ ಸಲ ಕದ್ದು ನಿನ್ನನ್ನು ನೋಡಲು ಬಂದಿದ್ದೆನಲ್ಲ, ನಿಮ್ಮ ಆಫೀಸಿನ ನೀರಿನ ಟ್ಯಾಂಕ್ ಹಿಂದಿನ ಜರೀಗಿಡ. 'ಇಲ್ಲಿ ನೋಡೇ' ಅಂತ ನೀನು ಎಲೆ ಮಗುಚಿ ಹಿಡಿದೆ, ಅಡಿಯಲ್ಲಿ ಸಾಲಾಗಿ ಹೊಲಿಗೆ ಹಾಕಿದಂತೆ ಕಂದು ಚುಕ್ಕೆಗಳು. ಮೂಲೆಯಲ್ಲಿ ನಿನ್ನ ಹೆಬ್ಬೆರಳು.

ಫೋಟೋ ಆರಿಸಿದ ಮಾರನೇ ದಿನವೇ ಗ್ರೂಪಿನಲ್ಲಿ ಮೇಡಂ ಮೆಸೇಜ್: "ಚಿತ್ರ ಚೆನ್ನಾಗಿದೆ. ಬೆರಳು ತೆಗಿ. ನಿಯಮ ಮೂರು." ನಿಯಮ ಮೂರು ಅಂದರೆ, ಚಿತ್ರದಲ್ಲಿ ಮನುಷ್ಯರ ಕೈವಾಡ ಕಾಣಬಾರದು. ಗ್ರೂಪಿನಲ್ಲಿರುವ ಹಲ್ಲಿನ ಡಾಕ್ಟರ್ ಕೂಡಲೇ, "ನಾನು ಕಿತ್ತುಕೊಡ್ಲಾ? ನೋವೇ ಆಗಲ್ಲ" ಅಂದರು. ಎಲ್ಲರೂ ಬಿದ್ದು ಬಿದ್ದು ನಗುವ ಮುಖ ಹಾಕಿದರು. ನಾನೂ ಹಾಕಿದೆ.

ಕಂಪ್ಯೂಟರಿನಲ್ಲಿ ಅಳಿಸಿ ನೋಡಿದೆ. ಒಂದು ಕ್ಲಿಕ್, ನೀನು ಮಾಯ. ಬೆರಳಿದ್ದ ಕಡೆ ಹಸಿರು ತುಂಬಿಕೊಂಡಿತು, ಎಲೆ ತಾನಾಗಿಯೇ ಅಂಗಾತ ಮಲಗಿತ್ತು. ಚೆನ್ನಾಗಿಯೇ ಇತ್ತು, ಹೊಟ್ಟೆ ಉರಿಯುವಷ್ಟು. ನಿನ್ನ ಮದುವೆಯಾದ ವಾರ ಅಪ್ಪ ಮನೆಯ ಹಾಲ್‌ನ ಗೋಡೆಯಿಂದ ನಿನ್ನ ಫೋಟೋ ಇಳಿಸಿದರಲ್ಲ, ಅಲ್ಲೂ ಹೀಗೇ ಸುಣ್ಣ ಬಳಿಸಿ ಸರಿಮಾಡಿದ್ದಾರೆ. ಸೇವ್ ಮಾಡಲಿಲ್ಲ. ಬೆರಳಿದ್ದದ್ದನ್ನೇ ಪ್ರಿಂಟ್ ಹಾಕಿಸಿ ಪ್ರದರ್ಶನದ ಜಾಗಕ್ಕೆ ಹೊತ್ತುಕೊಂಡು ಹೋದೆ.

ಮೇಡಂ ಏಣಿಯ ಮೇಲಿದ್ದರು, ಹಲ್ಲಿನ ಡಾಕ್ಟರ್ ಕೆಳಗೆ ಏಣಿ ಹಿಡಿದಿದ್ದರು. ನೋಡಿದವರೇ, "ಏನ್ ಮರೀ, ಹೇಳಿದ್ದು ಕೇಳಿಸ್ಲಿಲ್ವಾ?" ಅಂದರು.

"ಕೇಳಿಸ್ತು ಮೇಡಂ."

"ಮತ್ತೆ? ಬೆರಳಿದ್ರೆ ಗೋಡೆ ಮೇಲೆ ಜಾಗ ಇಲ್ಲ."

ಅವರ ಎದುರು ಮಾತಾಡುವುದಾ ನಾನು? ಆದರೂ ಬಾಯಿಗೆ ಬಂತು: "ಈ ಎಲೆ ತಾನಾಗೇ ಮಗುಚ್ಕೊಳ್ಳುತ್ತಾ ಮೇಡಂ? ಕೈವಾಡ ಇರೋದಂತೂ ನಿಜ. ಕಂಡ್ರೆ ತಪ್ಪು, ಅಡಗಿಸಿದ್ರೆ ಸರಿನಾ?"

ಡಾಕ್ಟರ್ ಕೆಮ್ಮಿದರು. ಮೇಡಂ ಮೆಲ್ಲಗೆ ಏಣಿ ಇಳಿದು ಬಂದು, ಕನ್ನಡಕ ಮೇಲೇರಿಸಿ, ಚಿತ್ರಕ್ಕೆ ಮೂಗು ತಾಗಿಸುವಷ್ಟು ಬಗ್ಗಿದರು.

"ಯಾರದು ಬೆರಳು?"

"ನಮ್ಮಕ್ಕಂದು."

"ಅವ್ರು ಬರ್ತಾರಾ ನೋಡೋಕೆ?"

"ಮನೆಯವ್ರು ಬರೋ ಕಡೆ ಅವ್ಳು ಬರಲ್ಲ ಮೇಡಂ."

ಅವರು ಕನ್ನಡಕ ಇಳಿಸಿಕೊಂಡರು. "ಒಳಗಂತೂ ಹಾಕಲ್ಲ. ಬಾಗಿಲ ಹತ್ರ ಬೆಂಕಿ ಆರಿಸೋ ಸಿಲಿಂಡರ್ ಇದ್ಯಲ್ಲ, ಅದರ ಪಕ್ಕ ಮೊಳೆ ಹೊಡಿ" ಅಂದರು. ಚೀಟಿ ಮಾತ್ರ ತಾವೇ ಬರೆದು ಅಂಟಿಸಿದರು: 'ಜರೀಗಿಡ. ಎಲೆ ಹಿಡಿದವರು: ಛಾಯಾಗ್ರಾಹಕಿಯ ಅಕ್ಕ.' ನಿಯಮಪುಸ್ತಕದ ತಾಯಿ ಬರೆದ ಚೀಟಿ ಅದು! ಮನೆಗೆ ಬಂದು ಮತ್ತೆ ಮಂಚದ ಮೇಲೆ ಕುಣಿದೆ.

ಜನ ಪರವಾಗಿಲ್ಲ, ಬಂದರು. ಒಬ್ಬರು ಸಿಲಿಂಡರನ್ನೂ ಕಲೆ ಅಂದುಕೊಂಡು ಸುತ್ತ ತಿರುಗಿ ನೋಡಿದರು. ಇವತ್ತು ಅಮ್ಮ ಅಪ್ಪನನ್ನೂ ಎಳೆದುಕೊಂಡು ಬಂದಳು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ ಮೇಡಂಗೆ, "ಸೊಪ್ಪೆಲ್ಲ ಚೆನ್ನಾಗಿದೆ" ಅಂದರು. ಭೂಮಿ ಬಾಯಿ ಬಿಡಬಾರದಾ ಅನಿಸಿತು. ಮೇಡಂ ನಗು ತಡೆಯಲಾರದೆ ಪಾಚಿಯ ಕಡೆ ತಿರುಗಿಬಿಟ್ಟರು.

ಭಾವನಿಗೆ ನಮಸ್ಕಾರ ಹೇಳು. ಚಿಕ್ಕವಳು ಆಶೀರ್ವಾದ ಮಾಡುವ ಹಾಗಿಲ್ಲ, ಆದರೂ ಮಾಡುತ್ತಿದ್ದೇನೆ: ನಿಮ್ಮಿಬ್ಬರ ಬಾಲ್ಕನಿಯಲ್ಲಿ ನೆಟ್ಟದ್ದೆಲ್ಲ ಚಿಗುರಲಿ.

ಇಂತಿ,
ನಿನ್ನ ಬಾಲ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಹೆದರಿಕೆಯಾಗಿತ್ತು. ಹೊರಡುವಾಗ ಅಪ್ಪ ಬಾಗಿಲ ಹತ್ತಿರ ನಿಂತುಬಿಟ್ಟರು. ಚೀಟಿ ಓದುವ ಮೊದಲೇ, ಬೆರಳು ನೋಡಿಯೇ ನಿಂತರು. ಅಮ್ಮ ಆಟೋ ಬಂತು ಅಂತ ಎರಡು ಸಲ ಕರೆದರೂ ಅಲ್ಲಾಡಲಿಲ್ಲ. ಆಮೇಲೆ ನನ್ನ ಮುಖ ನೋಡದೆ, "ಇನ್ನೂ ಉಗುರು ಕಚ್ತಾಳಾ ಇವಳು?" ಅಂದರು. ನಿನ್ನ ಮದುವೆಯಾದ ಮೇಲೆ ಅವರ ಬಾಯಲ್ಲಿ ನಿನ್ನ ಸುದ್ದಿ ಬಂದದ್ದು ಇದೇ ಮೊದಲು. "ಗೊತ್ತಿಲ್ಲಪ್ಪ, ಕೇಳ್ಲಾ?" ಅಂದೆ. "ಕೇಳು" ಅಂದರು.

ಕೇಳಿದ್ದೇನೆ. ಆದರೆ ಉತ್ತರ ನನಗೆ ಬರೆಯಬೇಡ. ಅಪ್ಪನ ನಂಬರ್ ಬದಲಾಗಿಲ್ಲ. ಫೋನ್ ಮಾಡಿ ಅವರಿಗೇ ಹೇಳುವಷ್ಟು ಧೈರ್ಯ ಇದೆಯೇನೇ ನಿನಗೆ?