ಕಾರವಿ ಅರಳಿದ್ದನ್ನು ಮುಚ್ಚಿಟ್ಟವಳಿಗೆ

ಮಲಾಡ್,
ಮಂಗಳವಾರ, 14 ಅಕ್ಟೋಬರ್ 1952

ವಾರಿಜಾ,

ಹೆಸರಿನ ಹಿಂದೆ ಪ್ರೀತಿ, ನಲ್ಮೆ ಏನೂ ಇಲ್ಲವಲ್ಲ ಎಂದು ನಿನಗೆ ಆಶ್ಚರ್ಯವಾಗಬಹುದು. ಆಗಲಿ. ಇಲ್ಲಿ ನಾವೆಲ್ಲ ಕ್ಷೇಮ ಎಂದೂ ಬರೆಯುವುದಿಲ್ಲ. ಸುಳ್ಳನ್ನು ಮುದ್ದಾದ ಅಕ್ಷರದಲ್ಲಿ ಬರೆಯುವುದು ನಿನಗೆ ಬರುತ್ತದೆ, ನನಗೆ ಬರುವುದಿಲ್ಲ.

ಹೋದ ತಿಂಗಳು ನೀನು ಹಾಕಿದ ಕಾರ್ಡು ನನ್ನ ಮುಂದೆಯೇ ಇದೆ. ಗುಡ್ಡದ ಕಡೆ ವಿಚಾರಿಸಿದೆ, ಈ ವರ್ಷ ಕಾರವಿ ಹೂ ಬಿಟ್ಟಿಲ್ಲವಂತೆ, ಮಳೆ ಹೆಚ್ಚುಕಡಿಮೆ ಆಯಿತಲ್ಲ, ಮುಂದಿನ ವರ್ಷ ನೋಡುವ, ನೀನು ಮೈ ನೋಡಿಕೊ ಎಂದು ನಾಲ್ಕೇ ಸಾಲು. ಗೋರೆಗಾಂವ್‌ನಲ್ಲಿ ಗುಡ್ಡದ ಬುಡದಲ್ಲೇ ಇರುವವಳು ನೀನು, ನಿನಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ನಂಬಿದೆ. ಎಂಟು ವರ್ಷ ಕಾದವಳಿಗೆ ಇನ್ನೊಂದು ವರ್ಷ ಯಾವ ಮಹಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥಾ ಪೆದ್ದಿ ನಾನು!

ಮೊನ್ನೆ ಶನಿವಾರ ಸೌದೆ ಹೊರೆ ಹೊತ್ತುಕೊಂಡು ಸೇವಂತಿ ಬಂದಳು. ಗುಡ್ಡದ ಮೇಲಿನ ಹಾಡಿಯ, ಆ ಪಾಡಾದ ಅದೇ ಸೇವಂತಿ, ಈಗ ತಲೆ ಪೂರ್ತಿ ನೆರೆತಿದೆ. ಹೊರೆ ಇಳಿಸಿ, ಒಂದು ಚೊಂಬು ನೀರು ಕುಡಿದು, ಯಾಕಮ್ಮಾ ಈ ಸಲ ನೀನು ಬರಲಿಲ್ಲ, ನಿನ್ನ ಗೆಳತಿ, ಆ ಮೈತ್ರಿಣ್ ಬಂದಿದ್ದಳಲ್ಲ ಎಂದು ಕೇಳಿದಳು. ಹೂವೇ ಇಲ್ಲವಲ್ಲ ಎಂದೆ. ಅವಳು ನಕ್ಕುಬಿಟ್ಟಳು. ಗುಡ್ಡಕ್ಕೆ ಗುಡ್ಡವೇ ನೀಲಿಯಾಗಿತ್ತಂತೆ, ಜೇನುನೊಣಗಳ ಸದ್ದಿಗೆ ಆಡಿದ ಮಾತು ಕೇಳಿಸುತ್ತಿರಲಿಲ್ಲವಂತೆ. ನವರಾತ್ರಿಗೆ ಮುಂಚಿನ ಭಾನುವಾರ ನೀನೂ ನಿನ್ನ ಮಹಿಳಾ ಮಂಡಳಿಯ ಐದಾರು ಹೆಂಗಸರೂ ಹೋಗಿದ್ದಿರಂತೆ. ಎಲೆಯಲ್ಲಿ ಕಟ್ಟಿದ ಇಡ್ಲಿ ತಿಂದಿರಂತೆ. ಕರೀ ಬಂಡೆಯ ಮೇಲೆ ಕೂತು ಫೋಟೋ ತೆಗೆಸಿಕೊಂಡಿರಂತೆ. ನಾವಿಬ್ಬರು ಕೂತ ಬಂಡೆ ಅದು, ವಾರಿಜಾ.

ಮರೆತಿದ್ದರೆ ನೆನಪು ಮಾಡುತ್ತೇನೆ. ನಲವತ್ತನಾಲ್ಕನೇ ಇಸವಿ. ಇದೇ ಚಾಳಿನಲ್ಲಿ ನಿನ್ನದೂ ನನ್ನದೂ ಅಕ್ಕಪಕ್ಕದ ಖೋಲಿ. ನನ್ನ ಮೂರು ತಿಂಗಳ ಮಗು ಜ್ವರದಲ್ಲಿ ಹೋಗಿ ಹತ್ತು ದಿನವಾಗಿತ್ತು. ಎದೆಯಲ್ಲಿ ಹಾಲು ಕಟ್ಟಿ ರವಿಕೆ ತೊಯ್ಯುತ್ತಿತ್ತು, ಕುಡಿಯುವ ಬಾಯಿ ಇರಲಿಲ್ಲ. ಒಂದು ಮಧ್ಯಾಹ್ನ ನಾನು ರೈಲ್ವೆ ಲೈನಿನ ಪಕ್ಕ ಹೋಗಿ ನಿಂತಿದ್ದೆ. ಯಾಕೆ ನಿಂತಿದ್ದೆ ಎನ್ನುವುದು ನಮ್ಮವರಿಗೆ ಇವತ್ತಿಗೂ ತಿಳಿಯದು, ನಿನಗೊಬ್ಬಳಿಗೇ ಗೊತ್ತು. ಹಿಂದೆಯೇ ಹುಡುಕಿಕೊಂಡು ಬಂದ ನೀನು ಬೈಯಲಿಲ್ಲ, ಅಳಲಿಲ್ಲ. ರಟ್ಟೆ ಹಿಡಿದು ನೇರ ಗುಡ್ಡಕ್ಕೆ ಎಳೆದುಕೊಂಡು ಹೋದೆ.

ಆ ನೀಲಿಯನ್ನು ನಾನು ಹೇಗೆ ಬರೆಯಲಿ? ನಮ್ಮ ತಲೆಯೆತ್ತರದ ಗಿಡಗಳು, ಕಣ್ಣು ಹಾಯಿಸಿದಷ್ಟೂ ಹೂ. ಸೇವಂತಿ ಅಲ್ಲೇ ಕಟ್ಟಿಗೆ ಕಡಿಯುತ್ತಿದ್ದಳು. ಏಳು ಮಳೆಗಾಲ ಇದು ಬರೀ ಎಲೆ, ಎಂಟನೆಯದಕ್ಕೆ ಹೂ, ಆಮೇಲೆ ಗಿಡ ಸಾಯುತ್ತದೆ, ಒಣಗಿದ ಕಡ್ಡಿಯ ಮೇಲೇ ಬೀಜ ಕಾದಿದ್ದು ಮರುವರ್ಷದ ಮಳೆ ಸೋಕಿದಾಗ ಪಟಪಟ ಸಿಡಿಯುತ್ತದೆ ಎಂದಳು. ವಯಸ್ಸೆಷ್ಟು ನಿನಗೆ ಎಂದು ನೀನು ಕೇಳಿದ್ದಕ್ಕೆ, ಐದು ಹೂ ನೋಡಿದ್ದೇನೆ ಎಂದಳು. ಅವರ ಜನ ಆಯುಸ್ಸನ್ನು ಎಣಿಸುವುದೇ ಹಾಗೆ. ಆಗ ನೀನು ನನ್ನ ಕಡೆ ತಿರುಗಿ, ನೀನು ಒಂದೇ ಹೂ ನೋಡಿದ್ದಲ್ಲವಾ ಮಾರಾಯ್ತಿ, ಸಾಯುವುದಾದರೆ ಇನ್ನೊಂದು ನೋಡಿ ಸಾಯಿ, ನಾನೇ ಕರ್ಕೊಂಡು ಬರ್ತೇನೆ ಎಂದೆ. ಹತ್ತು ದಿನದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ನಿನಗೆ ಅದು ಬಾಯಿಮಾತು ಆಗಿತ್ತೋ ಏನೋ. ನಾನು ಅದರ ಮೇಲೆ ಬದುಕಿದೆ ಕಣೇ! ಮೂರನೇ ಮಳೆ, ದೇಶಕ್ಕೆ ಸ್ವಾತಂತ್ರ್ಯ ಬಂತು. ನಾಲ್ಕನೇ ಮಳೆ, ನಿಮ್ಮ ಮೋನಪ್ಪನವರು ಹೋಟೆಲು ಹಾಕಿ ನೀವು ಗೋರೆಗಾಂವ್‌ಗೆ ಹೋದಿರಿ, ನಾನು ಖಾಲಿ ಖೋಲಿ ನೋಡಿ ಅತ್ತುಬಿಟ್ಟೆ. ಆರನೇ ಮಳೆಗೆ ನನ್ನ ಅಪ್ಪ ತೀರಿಕೊಂಡರು. ಹೊರಗಿನಿಂದ ನೋಡಿದರೆ ಆ ಗಿಡಕ್ಕೆ ಏನೂ ಆಗುತ್ತಿರುವುದಿಲ್ಲ, ಒಳಗೊಳಗೇ ಎಣಿಸಿಕೊಳ್ಳುತ್ತಿರುತ್ತದೆ. ನಾನೂ ಹಾಗೇ ಇದ್ದೆ. ಇಷ್ಟು ವರ್ಷ ನಿಲ್ಲದ ಬಸಿರು ಸರಿಯಾಗಿ ಈ ವರ್ಷವೇ ನಿಂತಿತು. ನಮ್ಮವರು ಇದಕ್ಕೂ ಅದಕ್ಕೂ ಏನು ಸಂಬಂಧ ಎಂದು ನಗುತ್ತಾರೆ. ನನಗೆ ಸಂಬಂಧವಿದೆ.

ಸೇವಂತಿ ಪಾಪ, ನನ್ನ ಮುಖ ನೋಡಿ ಹೊರೆಯಿಂದ ಒಂದು ಕಾರವಿ ಕಡ್ಡಿ ಹಿರಿದು ಕೊಟ್ಟಳು. ತುದಿಯಲ್ಲಿ ಬಾಡಿದ ಒಂದು ಹೂವಿತ್ತು, ಮುಟ್ಟಿದ ಕೂಡಲೇ ಉದುರಿತು. ಎಂಟು ವರ್ಷ ಕಾದದ್ದಕ್ಕೆ ನನಗೆ ಸಿಕ್ಕಿದ್ದು ಸೌದೆ. ಅಷ್ಟರಲ್ಲಿ ನಮ್ಮತ್ತೆ ಒಳಗಿನಿಂದ ಬಂದು ಅದನ್ನು ಕೈಯಿಂದ ಕಸಿದು ಗಟಾರಕ್ಕೆ ಎಸೆದರು. ಅಯ್ಯೋ, ಇವಳಿಗೆ ತೋರಿಸೋದಿಲ್ಲ ಅಂತ ವಾರಿಜಾ ನನಗೆ ಮಾತು ಕೊಟ್ಟಿದ್ದಳಲ್ಲ ಎಂದು ಬಾಯಿ ತಪ್ಪಿ ಅಂದರು. ಆಮೇಲೆ ಎಲ್ಲ ಹೊರಗೆ ಬಂತು. ಬಿದಿರು ಹೂ ಬಿಟ್ಟು ಸತ್ತರೆ ಕೇಡು, ಅಂಥ ಹೂವನ್ನು ಬಸುರಿ ನೋಡಬಾರದು ಎಂದು ಅವರ ಊರ ಕಡೆ ನಂಬಿಕೆ. ಬಿದಿರೆಲ್ಲಿ, ಕಾರವಿಯೆಲ್ಲಿ! ನನ್ನದೇ ಅಡಿಗೆಮನೆಯಲ್ಲಿ, ನಾನು ಒಳಗೆ ಮಲಗಿದ್ದಾಗ, ನಾನೇ ಹುರಿದು ಕುಟ್ಟಿದ ಪುಡಿಯ ಕಾಫಿ ಕುಡಿಯುತ್ತಾ ನೀವಿಬ್ಬರೂ ಇದನ್ನು ಗೊತ್ತು ಮಾಡಿಕೊಂಡಿರಿ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಅವರು ನಂಬಿದ್ದನ್ನು ಮಾಡಿದರು. ನೀನು ನಂಬದ್ದನ್ನು ಮಾಡಿದೆ. ಗ್ರಹಣ ಹಿಡಿದಿದ್ದಾಗ ನನ್ನೆದುರೇ ಕಟಕಟ ಚಕ್ಕುಲಿ ತಿಂದವಳು ನೀನು! ಅಥವಾ ನಿನಗೂ ಒಳಗೆ ಹೆದರಿಕೆ ಆಯಿತೇ? ಹಾಗಿದ್ದರೆ ನನಗೆ ಹೇಳಬಾರದಿತ್ತೇ? ಗುಡ್ಡ ಹತ್ತುವುದು ಬೇಡ, ಬುಡದಲ್ಲಿ ಟಾಂಗಾ ನಿಲ್ಲಿಸಿ ದೂರದಿಂದ ನೋಡುವ ಎಂದಿದ್ದರೆ ಹೂಂ ಅಂತಿದ್ದೆ. ನೀನೂ ಹೋಗದೆ ಇದ್ದಿದ್ದರೆ ಕೂಡ ಕ್ಷಮಿಸುತ್ತಿದ್ದೆನೇನೋ. ನನ್ನನ್ನು ಮನೆಯಲ್ಲಿ ಕೂರಿಸಿ, ಬೇರೆಯವರನ್ನು ಕಟ್ಟಿಕೊಂಡು ಹೋದೆಯಲ್ಲ, ಅದು ಹೊಟ್ಟೆ ಉರಿಸುತ್ತದೆ.

ಇದು ಹೂ ನೋಡುವ ಚಪಲ ಎಂದುಕೊಳ್ಳಬೇಡ. ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಈ ಹೆರಿಗೆ ನೆನೆಸಿಕೊಂಡು ನಾನು ರಾತ್ರಿ ಎದ್ದು ಕೂರುತ್ತೇನೆ. ಅದು ಹೋದ ಹಾಗೆ ಇದೂ ಹೋದರೆ? ಸಾಯುವ ಗಿಡವೂ ಅಷ್ಟು ಸಂಭ್ರಮದಿಂದ ಬೀಜ ಕಟ್ಟುವುದನ್ನು ಒಮ್ಮೆ ಕಣ್ಣಾರೆ ನೋಡಿದ್ದರೆ, ಆಗುವುದು ಆಗಲಿ ಎಂದು ಧೈರ್ಯವಾಗಿ ಹೋಗಿ ಮಲಗುತ್ತಿದ್ದೆ. ಆ ಧೈರ್ಯವನ್ನು ನೀನು ನನ್ನಿಂದ ಕಿತ್ತುಕೊಂಡೆ. ಇನ್ನು ಅದು ಅರಳುವುದು ಅರವತ್ತರಲ್ಲಿ. ನಾನು ಇರುತ್ತೇನೋ ಇಲ್ಲವೋ.

ಹೆರಿಗೆಗೆ ಪಕ್ಕದಲ್ಲಿರುತ್ತೇನೆ ಎಂದಿದ್ದೆಯಲ್ಲ, ಬೇಡ. ನಿನ್ನ ಮಾತು ಸಾಕಾಗಿದೆ. ಇತ್ತ ತಲೆ ಹಾಕಬೇಡ, ಮೋನಪ್ಪನವರ ಕೈಲಿ ತಿಂಡಿಯ ಡಬ್ಬಿಯನ್ನೂ ಕಳಿಸಬೇಡ.

ಒಂದು ಕಾಲದಲ್ಲಿ ನಿನ್ನವಳಾಗಿದ್ದ,
ಶಾಮಲಾ

ತಾ. ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೋವು ಶುರುವಾಗಿದೆ. ಡಾಕ್ಟರು ಹೇಳಿದ್ದಕ್ಕೆ ಇನ್ನೂ ಮೂರು ವಾರವಿತ್ತು. ನಮ್ಮವರು ಅಷ್ಟು ದೂರ, ಫೋರ್ಟಿನ ಆಫೀಸಿನಲ್ಲಿದ್ದಾರೆ, ಅತ್ತೆ ದೇವರ ಪಟದ ಮುಂದೆ ಕೂತು ಅಳುತ್ತಿದ್ದಾರೆ. ಇದನ್ನು ಅಂಚೆಗೆ ಹಾಕದೆ ಪಕ್ಕದ ಖೋಲಿಯ ಬಸಲಿಂಗವ್ವನ ಕೈಲಿ ಕಳಿಸುತ್ತಿದ್ದೇನೆ, ಕೊನೆಯ ಹಾಳೆ ಮೊದಲು ಓದಿಸು ಎಂದು ಹೇಳಿದ್ದೇನೆ. ಮೊದಲು ಸಿಕ್ಕಿದ ಲೋಕಲ್ ಹಿಡಿ. ಬೈಯುವುದು ಇನ್ನೂ ಬಹಳ ಉಳಿದಿದೆ, ನಾನು ಉಳಿಯಬೇಕಲ್ಲ. ಬಾರೇ.