ಪೇಶ್ವೆಯ ವಸ್ತ್ರ ಹೊತ್ತು ಬರುತ್ತಿದ್ದೇನೆ

ಸಾತಾರಾ, ಮಾರ್ಗಶಿರ ಶುದ್ಧ ಪಂಚಮಿ

ಚಿರಂಜೀವಿ ಸೌಭಾಗ್ಯವತಿ ಸಗುಣೆಗೆ ನಿನ್ನ ತಂದೆ ಭಿಕಾಜಿಯ ಆಶೀರ್ವಾದಗಳು.

ದೀಪಾವಳಿಗೆ ಬರೆಯಬೇಕಿದ್ದ ಕಾಗದ ಇಷ್ಟು ತಡವಾಯಿತು, ಬೈದುಕೋ. ನಾಲ್ಕು ವರ್ಷದಿಂದ ನೀನು ಉತ್ತರ ಕಳಿಸಿಲ್ಲ. ಆದರೂ ಇದನ್ನು ಓದು ಮಗಳೇ, ನಾನು ಪುಣೆಗೆ ಬರುತ್ತಿದ್ದೇನೆ! ನಿನ್ನನ್ನು ನೋಡುತ್ತೇನೆ!

ಸುದ್ದಿ ಮೊದಲು ಹೇಳಿದವಳು ಪಕ್ಕದ ಮನೆಯ ರಖಮಾಕಾಕು, ಮೊನ್ನೆ ಬೆಳಿಗ್ಗೆ ಬಾವಿಕಟ್ಟೆಯಲ್ಲಿ. "ಪುಣೇದಾಗ ಹೊಸಾ ಪೇಶ್ವೆ ಆಗ್ತಾರಂತ. ನಿಮ್ಮ ಪೆಟ್ಟಿಗ್ಯಾಗಿನ ವಸ್ತ್ರ ಹುಳ ತಿಂದಾವೇನ ನೋಡ್ರಿ!" ಅರಮನೆಯ ವಸ್ತ್ರದ ಕೋಣೆಯನ್ನು ಮೂವತ್ತು ವರ್ಷ ಬೇವಿನೆಲೆ ಹಾಕಿ ಕಾಯ್ದವನಿಗೆ ಈ ಮಾತು!

ಪುಣೆಯಲ್ಲಿ ಎಷ್ಟು ದಂಡು ಇದ್ದರೇನು, ನಮ್ಮ ಮಹಾರಾಜರು ಕಳಿಸಿದ ವಸ್ತ್ರ ಉಡದೆ ಯಾರೂ ಪೇಶ್ವೆಯಾಗುವುದಿಲ್ಲ. ನಿನಗೂ ಗೊತ್ತು. ಆದರೆ ಪುಣೆಯಿಂದ ಬಂದ ಕಾರಕೂನ ತ್ರಿಯಂಬಕಪಂತ ಇವತ್ತು ಅರಮನೆಯ ಅಂಗಳದಲ್ಲಿ ಕುದುರೆಯ ಮೇಲಿಂದಲೇ ಕೈ ಚಾಚಿದ.

"ಗಂಟು ಕೊಡ್ರಿ ಅಜ್ಜಾ, ನಾನ ಒಯ್ತೀನಿ. ಮುಹೂರ್ತ ಹತ್ರ ಬಂತು."

"ಅಗಸರ ಮನಿಗೆ ಬಂದೀರೇನ್ರಿ, ಒಗದ ಅರಿವಿ ಒಯ್ಯಾಕ? ಸಾತಾರಾದವರ ಕೈಯಿಂದನ ಮುಟ್ಟಬೇಕು. ಇಲ್ಲಂದ್ರ ನಿಮ್ಮ ಧಣಿ ಜರಿ ಉಟ್ಟ ಮನುಷ್ಯಾ ಆಗ್ತಾರ, ಪೇಶ್ವೆ ಆಗಂಗಿಲ್ಲ!"

ಅಂಗಳವೆಲ್ಲ ನಕ್ಕಿತು. ನಾನು ಗಂಟನ್ನು ಎದೆಗವಚಿಕೊಂಡೆ. ಅಷ್ಟರಲ್ಲಿ ಮಹಾರಾಜರ ಕಾಗದಪತ್ರ ನೋಡುವ ಚಿಟಣೀಸರು ಒಳಗಿನಿಂದ ಬಂದರು. "ಭಿಕಾಜಿನ ಒಯ್ಯಲಿ. ಮಹಾರಾಜರ ಅಪ್ಪಣೆ."

ಆ ಬಿಸಿಯಲ್ಲೇ ಕೇಳಿಬಿಟ್ಟೆ. "ಮುಟ್ಟಿಸಿದ ಮ್ಯಾಲ ಮಗಳ ಮನ್ಯಾಗ ನಾಕ ದಿನ ಇದ್ದು ಬರ್ಲೇನ್ರಿ?"

"ಹದಿನೈದು ದಿನ ಇರೋ ಮಾರಾಯಾ! ನಾ ಯಾವಾಗರ ಬ್ಯಾಡ ಅಂದೀನೇನು?"

ನಾಳೆ ಬೆಳಗಿನ ಜಾವ ಹೊರಡುತ್ತೇವೆ. ವಸ್ತ್ರಕ್ಕೆ ಅಂಬಾರಿ, ನನಗೊಂದು ಮುದಿ ಕುದುರೆ. ನೀರಾ ನದಿ ದಾಟಿದರೆ ಅರ್ಧ ದಾರಿ ಮುಗಿದಂತೆ. ಈ ಕಾಗದವನ್ನು ಇವತ್ತೇ ಮುಂದೆ ಹೊರಟ ತ್ರಿಯಂಬಕಪಂತನ ಕೈಲೇ ಕಳಿಸುತ್ತಿದ್ದೇನೆ, ಪಾಪ, ಬರಿಗೈಲಿ ಯಾಕೆ ಹೋಗಬೇಕು! ಅಳಿಯಂದಿರಿಗೆ ನಮಸ್ಕಾರ. ನೀನು ನೂರು ವರ್ಷ ತಣ್ಣಗಿರು.

ನಿನ್ನ ತಂದೆ,
ಭಿಕಾಜಿ

ಮತ್ತೊಂದು ಮಾತು. ನಿನ್ನ ಕೂಸು ಹೋದಾಗ, ಅಪ್ಪಣೆ ಸಿಗಲಿಲ್ಲ, ಅದಕ್ಕೇ ಬರಲಾಗಲಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು ಸಗುಣೆ. ನಾನು ಕೇಳಿರಲೇ ಇಲ್ಲ. ನಿನ್ನ ಬರಿದಾದ ಮಡಿಲು ನೋಡುವ ಎದೆ ನನಗಿರಲಿಲ್ಲ. ನನ್ನನ್ನು ಒಳಗೆ ಕರೆಯುವ ಮೊದಲು ಇದು ನಿನಗೆ ಗೊತ್ತಿರಲಿ.