ಬನದ ಹುಣ್ಣಿಮೆಯ ಬದನೆಕಾಯಿ

ಬೆಟಗೇರಿ,
9 ಜುಲೈ 2025

ಪ್ರೀತಿಯ ತಮ್ಮ ಮನೋಹರನಿಗೆ,

ಹೇಗಿದ್ದೀಯಪ್ಪಾ? ಸುಶ್ಮಿತಾಳ ಕೆಮ್ಮು ನಿಂತಿತೋ ಇಲ್ಲವೋ? ಹೈದರಾಬಾದಿನ ಖಾರ ನಿನ್ನ ಹೊಟ್ಟೆಗೆ ಒಗ್ಗಲಿಲ್ಲ ಎಂದಿದ್ದೆ; ಮಜ್ಜಿಗೆ ಬಿಡಬೇಡ. ನಾವೆಲ್ಲ ಇಲ್ಲಿ ಇದ್ದೇವೆ. ಆರಾಮ ಇದ್ದೇವೆ ಎಂದು ಬರೆಯಲು ಯಾಕೋ ಕೈ ಬರುತ್ತಿಲ್ಲ. ಕೈಯಲ್ಲಿ ಫೋನು ಇಟ್ಟುಕೊಂಡು ಅಕ್ಕ ಪತ್ರ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ. ನಿನ್ನ ಫೋನು ಬಂದರೆ ಸಾಕು, ಅವ್ವ "ಸ್ಪೀಕರ್ ಹಚ್ಚು, ನಾನೂ ಕೇಳ್ತೀನಿ" ಎಂದು ಪಕ್ಕದಲ್ಲಿ ಬಂದು ಕೂತುಬಿಡುತ್ತಾಳೆ. ನಾನು ಹೇಳಬೇಕಾದದ್ದು ಅವಳ ಕಿವಿಗೆ ಬೀಳಬಾರದು, ಅದಕ್ಕೇ ಸೆರಗಿಗೆ ಗೊಂಡೆ ಕಟ್ಟಬೇಕಾದ ಸೀರೆಗಳನ್ನು ಮೂಲೆಗೆ ತಳ್ಳಿ ಬರೆಯಲು ಕೂತಿದ್ದೇನೆ.

ಹೋದ ವಾರ ನೀನು ಫೋನಿನಲ್ಲಿ ಖುಷಿಯಿಂದ ಒಂದು ಸುದ್ದಿ ಹೇಳಿದೆ. ನಮ್ಮ ಸಮಾಜದ ಭವನದಲ್ಲಿ ಚಳಿಗಾಲದಲ್ಲಿ ಮೊಣಕಾಲು ನೋವಿನವರಿಗೆ ಹಂಚಿದರಲ್ಲ ಆ ಪುಡಿ, ಅದರ ವರದಿ ನಿನ್ನ ಮೇಜಿಗೇ ಬಂದಿದೆ, ಸರಕಾರಿ ಆಸ್ಪತ್ರೆಗಳಿಗೆ ಅದನ್ನು ಕೊಳ್ಳಬಹುದೋ ಬೇಡವೋ ಎಂದು ನೀನೇ ಓದಿ ಅಭಿಪ್ರಾಯ ಬರೆಯಬೇಕು ಎಂದು. "ಅಕ್ಕಾ, ಗುಣಾ ಆದವರು ಭಾಳ ಮಂದಿ ಅದಾರ, ತ್ರಾಸ ಅಂತೂ ಯಾರಿಗೂ ಆಗಿಲ್ಲಂತ" ಎಂದೆ. ಅವ್ವ ಅಂದೇ ಓಣಿಯ ಮನೆಮನೆಗೆ ಸಕ್ಕರೆ ಹಂಚಿಸಿದಳು. ಮಗ ಬೆಟಗೇರಿಯ ಔಷಧಿಯನ್ನು ದೇಶಕ್ಕೆಲ್ಲ ಕೊಡಿಸುತ್ತಾನೆ ಎಂದು ಅವಳ ಲೆಕ್ಕ. ನನಗೆ ಮಾತ್ರ ಆ ಸಕ್ಕರೆ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಓಣಿಯಲ್ಲಿ ಯಾರಿಗೂ ಏನೂ ಆಗಿಲ್ಲ ಎನ್ನುವುದು ನಂಬುವ ಮಾತೇ? ಇಲ್ಲಿ ಒಬ್ಬರು ಸೀನಿದರೂ ಹತ್ತು ಮನೆಗೆ ಖಬರು ಹೋಗುತ್ತದೆ. ನಿನ್ನ ಭಾವ ನನ್ನನ್ನು "ದೇವರ ತೀರ್ಥಾನೂ ಮೂಸಿ ನೋಡಾಕಿ" ಎಂದು ಹಂಗಿಸುತ್ತಾರೆ. ಹಂಗಿಸಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದರೇ?

ನೀನು ಆಗ ಇಲ್ಲಿರಲಿಲ್ಲ, ಅದಕ್ಕೆ ಮೊದಲಿನಿಂದ ಹೇಳುತ್ತೇನೆ. ಡಿಸೆಂಬರಿನ ಕಡುಚಳಿಯಲ್ಲಿ ಹೊರಗಿನ ಊರಿನ ಒಂದು ಔಷಧಿ ಕಂಪನಿಯವರು ಬಂದರು. ಅವರ ಪರವಾಗಿ ಓಡಾಡುತ್ತಿದ್ದವನು ಮುಂಡರಗಿ ಕಡೆಯ ಗವಿಸಿದ್ದಪ್ಪ ಎಂಬ ಹುಡುಗ, ಬಾಯಿ ಬಹಳ ಸಿಹಿ. ಮಗ್ಗದ ಕೆಲಸ ಮಾಡಿ ಕಾಲು ಸೋತವರ ಹೆಸರು ಬರೆದುಕೊಂಡು ಎಲ್ಲರಿಗೂ ಪುಡಿಯ ಡಬ್ಬಿ ಕೊಟ್ಟ. ಬಿಸಿಹಾಲಿನಲ್ಲಿ ದಿನಕ್ಕೆ ಎರಡು ಹೊತ್ತು, ಎರಡು ತಿಂಗಳು. ಪಥ್ಯ ಮಾತ್ರ ಕಟ್ಟುನಿಟ್ಟು: ಬದನೆಕಾಯಿ ಕೂಡದು, ಹುಳಿ ಕೂಡದು, ಶೇಂಗಾ ಕೂಡದು. ಈ ಮೂರನ್ನೂ ಬಿಟ್ಟರೆ ನಮ್ಮ ಕಡೆಯವರು ರೊಟ್ಟಿ ಯಾವುದಕ್ಕೆ ಹಚ್ಚಿಕೊಂಡು ತಿನ್ನಬೇಕೋ! ಆದರೂ ನಮ್ಮ ಮಂದಿ ಪಥ್ಯಕ್ಕೆ ಹೆದರುವಷ್ಟು ಪೊಲೀಸರಿಗೂ ಹೆದರುವುದಿಲ್ಲ, ತಲೆಯಾಡಿಸಿ ಡಬ್ಬಿ ತಂದರು. ನಾನು ಬೇಡ ಎಂದರೂ ಅವ್ವ ಹೆಸರು ಬರೆಸಿದಳು. ಹುಡುಗಿಯಾದಾಗಿನಿಂದ ಮಗ್ಗದ ಪಕ್ಕ ಕೂತು ನೂಲಿನ ಕಂಡಿಕೆ ಸುತ್ತಿದ ಕಾಲು ಅದು, ನೋವಿಗೆ ಯಾರು ಏನು ಕೊಟ್ಟರೂ ಅವಳು ಕುಡಿಯುತ್ತಾಳೆ.

ಈಗ ಮುಖ್ಯ ಮಾತಿಗೆ ಬಂದೆ. ಮೊನ್ನೆ ಎದುರು ಮನೆಯ ಗದಿಗೆವ್ವನನ್ನು ಮಾತಿಗೆ ಎಳೆದೆ. ಅವಳೂ ಪುಡಿ ತಿಂದವಳೇ, ಈಗಲೂ ಗೋಡೆ ಹಿಡಿದು ಏಳುತ್ತಾಳೆ. "ನಿನಗ್ಯಾಕ ಗುಣಾ ಆಗಲಿಲ್ಲ?" ಎಂದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿ, "ನಿಮ್ಮ ಮನಿ ಬದನಿಕಾಯಿ ಪಲ್ಯಾನ ನನಗ ಮುಳುವಾತು ನೋಡವ್ವ" ಎಂದಳು! ಬನದ ಹುಣ್ಣಿಮೆಗೆ ಬನಶಂಕರಿಗೆ ಎಡೆ ಮಾಡಿ ಎಲ್ಲ ಪಲ್ಯಗಳನ್ನೂ ಓಣಿಗೆ ಹಂಚುತ್ತೇವಲ್ಲ, ಈ ಸಲದ ಹುಣ್ಣಿಮೆ ಸರಿಯಾಗಿ ಪುಡಿಯ ಎರಡು ತಿಂಗಳ ನಡುವೆ ಬಂದಿತ್ತು. ದೇವಿಯ ಪ್ರಸಾದಕ್ಕೆ ಒಲ್ಲೆ ಅನ್ನಲು ಬರುತ್ತದೆಯೇ? ತಿಂದಿದ್ದಳು. ಕಡೆಗೆ ನೋವು ಹೋಗಲಿಲ್ಲ ಎಂದಾಗ ಗವಿಸಿದ್ದಪ್ಪ "ಏನೇನು ತಿಂದ್ರಿ?" ಎಂದು ಕೇಳಿದನಂತೆ. ಇವಳು ಇದ್ದದ್ದು ಇದ್ದಂತೆ ಹೇಳಿದಳು. "ಪಥ್ಯ ಮುರದೀರಿ ಯವ್ವಾ, ನಿಮ್ಮನ್ನ ಇದರ ಲೆಕ್ಕದಾಗ ಹಿಡಿಯಾಕ ಬರಂಗಿಲ್ಲ" ಎಂದು ಬಿಟ್ಟುಬಿಟ್ಟನಂತೆ. ಅವಳ ಕಾಲು ಊದಿಕೊಂಡದ್ದಕ್ಕೂ ಅದೇ ಉತ್ತರ: ಪಥ್ಯ ಮುರಿದ ಫಲ. ಪಾಪ, ತಪ್ಪು ತನ್ನದೇ ಎಂದು ಅವಳು ನಾಲ್ಕು ತಿಂಗಳಿಂದ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ನನಗಂತೂ ಮೈ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಗುಣ ಮಾಡಲಾರದ ಪುಡಿ ತಪ್ಪನ್ನು ನನ್ನ ಪಲ್ಯದ ಮೇಲೆ ಹಾಕಿತು!

ಮರುದಿನ ವಿಠೋಬಾ ಕಾಕಾನ ಕಡೆಗೆ ಹೋದೆ. ಕಾಕಾ ಗುಣವಾದವರ ಪೈಕಿ, ಭವನದ ಮೆಟ್ಟಿಲನ್ನು ಕೋಲಿಲ್ಲದೆ ಹತ್ತಿ ತೋರಿಸಿ ಫೋಟೋ ತೆಗೆಸಿಕೊಂಡವನು. "ಕಾಕಾ, ಹುಣ್ಣಿಮಿ ಪ್ರಸಾದ ತಿಂದಿದ್ದಿಲ್ಲೇನು?" ಎಂದೆ. "ತಿನ್ನದ ಬಿಡ್ತೀನೇನ? ಬದನಿಕಾಯಿ ಮತ್ತೊಮ್ಮೆ ಹಾಕಿಸ್ಕೊಂಡೀನಿ" ಎಂದು ನಕ್ಕ. ಹಾಗಾದರೆ ಗವಿಸಿದ್ದಪ್ಪ ಕೇಳಲಿಲ್ಲವೇ? ಕಾಕಾ ನನ್ನನ್ನೇ ಹುಚ್ಚಿಯಂತೆ ನೋಡಿದ. "ಆರಾಮಾದವನಿಗೆ ಏನು ತಿಂದಿ ಅಂತ ಯಾರರ ಕೇಳ್ತಾರೇನು ಹುಚ್ಚಿ?" ಎಂದ. ಅಲ್ಲಿಗೆ ನನಗೆ ಎಲ್ಲ ತಿಳಿಯಿತು ಮನೋಹರ. ಇಡೀ ಓಣಿ ಬದನೆಕಾಯಿ ತಿಂದಿದೆ. ನೋವು ಉಳಿದವರನ್ನು ಮಾತ್ರ ಕೇಳಿದ್ದಾರೆ, ಅವರನ್ನು ಮಾತ್ರ ಹೊರಗೆ ಹಾಕಿದ್ದಾರೆ. ಒಳಗೆ ಉಳಿದವರು ಯಾರು? ಗುಣವಾದವರೇ. ಮತ್ತೆ ವರದಿಯಲ್ಲಿ ಬೇರೆ ಏನು ಬರಬೇಕು?

ಇನ್ನೊಂದು ಸಂಶಯವನ್ನೂ ಹೇಳಿಬಿಡುತ್ತೇನೆ. ಪುಡಿ ಶುರುವಾದದ್ದು ಚಳಿಯಲ್ಲಿ, ಮುಗಿದದ್ದು ಶಿವರಾತ್ರಿಯ ಹೊತ್ತಿಗೆ. ಚಳಿ ಶಿವಶಿವಾ ಎಂದು ಹೋದ ಮೇಲೆ ಈ ಓಣಿಯ ಮುದುಕರ ಕೀಲುಗಳು ಪ್ರತಿವರ್ಷವೂ ಸಡಿಲಾಗುತ್ತವೆ, ಅದಕ್ಕೆ ಯಾವ ಪುಡಿಯೂ ಬೇಡ. ಪುಡಿ ತಿನ್ನದ ಇನ್ನೊಂದು ಗುಂಪನ್ನು ಪಕ್ಕದಲ್ಲಿ ಇಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು, ಅಂಥ ಗುಂಪು ಇರಲೇ ಇಲ್ಲ. ಇದು ನಾನು ಕಂಡುಹಿಡಿದ ಬುದ್ಧಿಯಲ್ಲ ಮಾರಾಯ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನೀನೇ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದೆ. ಔಷಧಿ ಬಿಟ್ಟು ಹೋದವರನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ಕಾಗದ ಎಷ್ಟು ಚಂದ ಇದ್ದರೂ ಸುಳ್ಳು ಎಂದಿದ್ದೆ. ಈಗ ನಿನ್ನ ಮುಂದಿನ ಕಾಗದದಲ್ಲಿ ನಮ್ಮ ಗದಿಗೆವ್ವ ಎಲ್ಲಿದ್ದಾಳೆ ಹುಡುಕು. ನಿಯಮ ಪಾಲಿಸದವರು ಎಂದು ಯಾವುದೋ ಮೂಲೆಯಲ್ಲಿ ಒಂದು ಸಾಲು ಇರಬಹುದು. ಅದೂ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು.

ನಿಜ ಹೇಳಲೇ? ನಿನ್ನ ಮೇಲೂ ನನಗೆ ಒಂದು ಗಳಿಗೆ ಅನುಮಾನ ಬಂತು. ಊರಿನ ಹೆಸರು ಕಂಡ ಕೂಡಲೇ ನಮ್ಮ ಹುಡುಗನ ಮನಸ್ಸು ಮೆತ್ತಗಾಯಿತೇ, ಬೇರೆ ಊರಿನ ವರದಿಯಾಗಿದ್ದರೆ ಇಷ್ಟು ಬೇಗ ಚಲೋ ಎನ್ನುತ್ತಿದ್ದನೇ ಎಂದು. ಸಿಟ್ಟು ಮಾಡಿಕೊಳ್ಳಬೇಡ. ನೀನು ಹೂಂ ಎಂದರೆ ನಾಳೆ ಲಕ್ಷ್ಮೇಶ್ವರ, ಶಿರಹಟ್ಟಿಯ ಸರಕಾರಿ ದವಾಖಾನೆಗಳಲ್ಲಿ ಇದೇ ಡಬ್ಬಿ ಸಿಗುತ್ತದೆ. ಅಲ್ಲಿಯ ಗದಿಗೆವ್ವಗಳೂ ಕಾಲು ಊದಿಸಿಕೊಂಡು, ತಾವೇ ಏನೋ ತಿಂದು ತಪ್ಪು ಮಾಡಿದೆವು ಎಂದು ಮೂಲೆ ಸೇರುತ್ತಾರೆ. ಅದಕ್ಕೆ ನಿನ್ನ ಸಹಿ ಇರಬಾರದು ಎನ್ನುವುದೇ ನನ್ನ ಆಸೆ.

ಬನಶಂಕರಿ ನಿನಗೂ ಸುಶ್ಮಿತಾಗೂ ಗಟ್ಟಿ ಮೈ, ನೆಟ್ಟಗಿನ ಬುದ್ಧಿ ಕೊಟ್ಟು ಕಾಪಾಡಲಿ. ನಿನ್ನ ಭಾವ ಕೇಳಿದ್ದಾರೆಂದು ತಿಳಿ. ಅವರು ಕೇಳಲಿಲ್ಲ, ನಾನೇ ಬರೆದೆ.

ನಿನ್ನ ಅಕ್ಕ,
ಲಕ್ಷ್ಮೀದೇವಿ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ಬಂದು ಎದುರು ಕೂತಳು. "ಮನೋಹರಗ ಬರದಿಯೇನು? ನನ್ನ ಸುದ್ದಿ ಬರೀಬ್ಯಾಡವ್ವ" ಎಂದಳು. ಹಾಗೆಂದ ಮೇಲೆ ನಾನು ಬಿಡುತ್ತೇನೆಯೇ? ಸೀರೆ ಸರಿಸಿ ನೋಡಿದೆ. ಎರಡೂ ಪಾದ ಊದಿವೆ, ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ. ನೋವು ಒಂದು ದಿನವೂ ಇಳಿದಿಲ್ಲವಂತೆ. ಭವನದಲ್ಲಿ ಗುಣವಾಯಿತು ಎಂದದ್ದು, ಇಲ್ಲ ಎಂದರೆ ತಾನೇ ಬಡಿಸಿದ ಪ್ರಸಾದದ ಮೇಲೆ ದೂರು ಬರುತ್ತದೆಂದು. ಪುಡಿಯನ್ನು ಇವತ್ತಿನವರೆಗೂ ರೊಕ್ಕ ಕೊಟ್ಟು ತರಿಸಿ ತಿನ್ನುತ್ತಿದ್ದಾಳೆ; ಮೊದಲು ಎಂದಾದರೂ ಗುಣವಾದೀತೆಂದು, ಹೋದ ವಾರದಿಂದ ನಿನಗಾಗಿ. "ಅವ ಓದೋ ಕಾಗದದಾಗ ನಾ ಆರಾಮಾದಾಕಿ ಅಂತ ಐತಿ. ಈಗ ನಾ ಇಲ್ಲ ಅಂದರ ನನ್ನ ಮಗನ ಕೆಲಸಕ್ಕ ಧಕ್ಕಿ ಬರಂಗಿಲ್ಲೇನು?" ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ. ಅಂಚೆಗೆ ಕಾಯುವುದಿಲ್ಲ, ಈ ಹಾಳೆಗಳ ಫೋಟೋ ತೆಗೆದು ಈಗಲೇ ಕಳಿಸಿ, ಅವಳನ್ನೂ ಡಬ್ಬಿಯನ್ನೂ ಗದಗಿನ ದವಾಖಾನೆಗೆ ಕರೆದೊಯ್ಯುತ್ತಿದ್ದೇನೆ. ಆಟೋ ಬಂದಿದೆ, ಅವಳು ಏಳಲು ಒಲ್ಲೆ ಅನ್ನುತ್ತಿದ್ದಾಳೆ. ಗುಣವಾದವರ ಲೆಕ್ಕದಿಂದ ಮೊದಲು ನಮ್ಮವ್ವನನ್ನು ತೆಗೆ, ಮನೋಹರ. ಆಮೇಲೆ, ನೋವಾಗುತ್ತಿದೆ ಎಂದು ಹೇಳಿದರೆ ನಿನ್ನ ಕೆಲಸ ಹೋಗುವುದಿಲ್ಲ ಎಂದು ಅವಳಿಗೆ ನೀನೇ ಹೇಳು. ನಾನು ಹೇಳಿದರೆ ನಂಬುತ್ತಿಲ್ಲ.